ಅಂಗಾತ

ಕಾಫಿ ಅರಳಿಸುವ ಹೂಮಳೆ ಬಿದ್ದ ಒಂಬತ್ತನೆಯ ದಿನದ ಬೆಳಿಗ್ಗೆ ಅದು. ಮಂಜು ಇನ್ನೂ ಕರಗಿರಲಿಲ್ಲ. ಬಿಟ್ಟಂಗಾಲದ ತೋಟಗಳಲ್ಲಿ ಕಾಫಿ ಗಿಡಗಳೆಲ್ಲ ಒಟ್ಟಿಗೇ ಅರಳಿ ನಿಂತು, ಮಂಜು ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಎಂದು ಬಸ್ಸಿನ ಕಿಟಕಿಯಿಂದ ಹೇಳಲಾಗುತ್ತಿರಲಿಲ್ಲ. ಚಳಿಯೂ ಅಲ್ಲದ ಸೆಕೆಯೂ ಅಲ್ಲದ ಗಾಳಿ. ಅದರ ತುಂಬ ಆ ವಾಸನೆ. ಈ ಊರಿನ ಕಡೆ ಕೆಲಸಕ್ಕೆ ಬಂದ ಇಪ್ಪತ್ತೇಳು ವರ್ಷಗಳಲ್ಲಿ ಮಾರ್ಚ್ ತಿಂಗಳ ಈ ಮೂರು ನಾಲ್ಕು ದಿನಗಳನ್ನು ಮಹದೇವಪ್ಪ ದೇವರು ಕರೆದು ಕೈಗೆ ಹಾಕಿದ ಪ್ರಸಾದವೆಂದೇ ತೆಗೆದುಕೊಂಡಿದ್ದ. ಈ ಸಲ ಮಾತ್ರ ಅದು ತನ್ನನ್ನೇ ಹುಡುಕಿಕೊಂಡು ಬಸ್ಸಿನೊಳಗೆ ಬಂದಂತೆ ಅನ್ನಿಸಿ ಗಾಜು ಎಳೆದ. ಪಕ್ಕದಲ್ಲಿ, ತೊಡೆಯ ಮೇಲೆ ಸೌತೆಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಮುದುಕಿ ತಿರುಗಿ ನೋಡಿದಳು. "ಎಂತಕ್ಕೆ ಮುಚ್ಚಿದ್ರಿ ಸಾರ್? ವರ್ಷಕ್ಕೊಂದ್ಸಲ ಬರ್ತದೆ. ಬರ್ಲಿ ಬಿಡಿ." ಅವನು ಮತ್ತೆ ತೆರೆದ. ಮುಚ್ಚಿದ್ದಕ್ಕೂ ನಾಚಿಕೆಯಾಯಿತು, ತೆರೆದದ್ದಕ್ಕೂ ನಾಚಿಕೆಯಾಯಿತು. ಈಚೆಗೆ ಹೀಗೇ. ಕಂಡಕ್ಟರು ಹಿಂದಿನಿಂದ ಹೆಗಲು ಮುಟ್ಟಿದರೆ ಸಿಕ್ಕಿಬಿದ್ದವನಂತೆ ಬೆಚ್ಚುತ್ತಿದ್ದ.

ಮಧ್ಯಾಹ್ನ ಮೂರು ಗಂಟೆಗೆ ಕಾಲೇಜಿನ ಆಡಳಿತ ಮಂಡಳಿಯ ಸಭೆ. ಅದರಲ್ಲಿ ಮಾಡಬೇಕಾದ ಹತ್ತೆಂಟು ನಿರ್ಧಾರಗಳ ನಡುವೆ ಒಂದು ಸಣ್ಣದು: ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್ ಮಾದಿಯನ್ನು ಹಾಸ್ಟೆಲಿನ ಅಡುಗೆಮನೆಗೆ ಕಾಯಂ ಆಗಿ ಹಾಕುವುದು. ಆರು ವಾರದಿಂದ ಅವಳು ಅಲ್ಲೇ ಇದ್ದಾಳೆ, ತಾತ್ಕಾಲಿಕವಾಗಿ. ಇವತ್ತು ಸಹಿ ಬಿದ್ದರೆ ನಿವೃತ್ತಿಗೆ ಉಳಿದ ಹದಿನಾಲ್ಕು ತಿಂಗಳನ್ನು ಅನ್ನ ಬಸಿದೇ ಮುಗಿಸಬೇಕು. ಇಪ್ಪತ್ತೆರಡು ವರ್ಷ ಕೋಳಿಮೊಟ್ಟೆಯೊಳಗಿನ ಭ್ರೂಣವನ್ನು ಒಂದು ಎಳೆ ಹರಿಯದ ಹಾಗೆ ಎತ್ತಿ ಗಾಜಿನ ಮೇಲೆ ಇಡುತ್ತಿದ್ದ ಕೈ. ಇದಕ್ಕೆಲ್ಲ ಕಾರಣ ಅವಳ ಫೈಲಿನಲ್ಲಿರುವ ಒಂದು ಹಾಳೆ. ಆ ಹಾಳೆಯಲ್ಲಿರುವುದು ಸುಳ್ಳು. ಬರೆದವನು ಆ ವಿಭಾಗದ ಮುಖ್ಯಸ್ಥ ಮಹದೇವಪ್ಪ. ಇಷ್ಟು ವಿಷಯ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದ. ಮೂರು ಗಂಟೆಯವರೆಗೆ ತಾನು ಬಾಯಿ ಬಿಡದಿದ್ದರೆ ಅದು ಇಬ್ಬರಲ್ಲೇ ಉಳಿಯುತ್ತದೆ ಎಂದೂ.

ವಿಶ್ವವಿದ್ಯಾಲಯದ ತಪಾಸಣೆಯ ತಂಡ ಫೆಬ್ರವರಿಯಲ್ಲಿ ಬರುವುದೆಂದು ಗೊತ್ತಾದಾಗ, ಮೂವತ್ತಾರು ಗಂಟೆಯ ಕೋಳಿಭ್ರೂಣದ ಒಂದು ಸ್ಲೈಡನ್ನು ತಾನೇ ಕೈಯಾರೆ ಮಾಡಬೇಕೆಂಬ ಹಟ ಬಂದಿತ್ತು ಅವನಿಗೆ. ಯಾಕೆ ಬಂತೋ. ಎಲ್ಲ ಸ್ಲೈಡುಗಳೂ ಮಾದಿಯವೇ ಎಂದು ಯಾರೋ ಸ್ಟಾಫ್ ರೂಮಿನಲ್ಲಿ ನಕ್ಕಿದ್ದಿರಬೇಕು. ಮಾಡಿದ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ಬಲಕ್ಕೆ ಬಾಗಬೇಕಾದ ಹೃದಯ ಎಡಕ್ಕೆ ಬಾಗಿತ್ತು. ಸಾವಿರಕ್ಕೊಂದು ಆಗುವುದು ಹೀಗೆ! ಮೈ ಜುಮ್ಮೆಂದಿತು. ಸಿಂಕಿನ ಹತ್ತಿರ ವಾಚ್ ಗ್ಲಾಸು ತೊಳೆಯುತ್ತಿದ್ದ ಮಾದಿ "ನೋಡ್ಲಾ ಸಾರ್" ಎಂದು ಕೈ ಒರೆಸಿಕೊಂಡು ಬಂದು, ಒಂದು ಕಣ್ಣು ಮುಚ್ಚಿ ನೋಡಿ, "ಸಾರ್, ಇದು ಅಂಗಾತ ಬಿದ್ದದೆ" ಎಂದಿದ್ದಳು. ಅವನು ಆಗ ಹೇಳಿದ್ದು ಈಗಲೂ ಬಸ್ಸಿನ ಸದ್ದಿನೊಳಗೆ ಅಕ್ಷರ ಅಕ್ಷರ ಕೇಳುತ್ತದೆ. "ಎಳೇ ಕೂಸು ಅಂಗಾತ ಮಲಗದೆ ಎದ್ದು ಕೂರುತ್ತೇನವ್ವ ಮಾದಿ?" ಬಾಗಿಲಲ್ಲಿದ್ದ ಇಬ್ಬರು ಹುಡುಗರು ನಕ್ಕರು. ಮಾದಿಯೂ ನಕ್ಕಳು. ಅವಳ ಆ ನಗು, ಮೇಷ್ಟರ ಮಾತಿಗೆ ನಗದಿದ್ದರೆ ಮೇಷ್ಟರಿಗೆ ಬೇಸರವಾದೀತು ಎಂದು ನಕ್ಕದ್ದು, ಅವನಿಗೆ ಬೇರೆಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿತ್ತು. ತೊಟ್ಟಿಲಲ್ಲಿ ಕೂಸು ಅಂಗಾತ ಮಲಗುತ್ತದೆ, ನಿಜ. ಮೊಟ್ಟೆಯಲ್ಲಿ ಮರಿ ಮಲಗುವುದು ಬೋರಲು. ಹಳದಿಯನ್ನು ಅಪ್ಪಿಕೊಂಡು, ಬೆನ್ನು ಮೇಲಕ್ಕೆ ಮಾಡಿ. ಇದನ್ನು ಅವನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದ. ಬೇರೆ ಪದಗಳಲ್ಲಿ ಬರೆದಿದ್ದ, ಅಷ್ಟೆ. ಅವಳು ಮನೆಯ ಮಾತಿನಲ್ಲಿ ಹೇಳಿದ್ದರಿಂದ ಅದು ಅವನಿಗೆ ಜ್ಞಾನವಾಗಿ ಕೇಳಿಸಲಿಲ್ಲ.

ತಂಡದಲ್ಲಿ ಬಂದಿದ್ದ ನರೆಗೂದಲಿನ ಪ್ರೊಫೆಸರಮ್ಮ ಸ್ಲೈಡಿನ ಮೇಲೆ ಅವನು ಅಂದವಾಗಿ ಅಂಟಿಸಿದ್ದ 'ಎಡಕ್ಕೆ ಬಾಗಿದ ಹೃದಯ, ಅಪರೂಪ' ಎಂಬ ಚೀಟಿಯನ್ನು ಓದಿದರು. ನೋಡಿದರು. ಸ್ಲೈಡನ್ನು ತೆಗೆದು, ಕೆಳಮೇಲಾಗಿ ತಿರುವಿ ಇಟ್ಟು, ಮತ್ತೆ ನೋಡಿದರು. "ಈಗ ನೋಡಿ, ಬಲಕ್ಕೇ ಇದೆ. ಮಗುಚಿ ಮೌಂಟ್ ಆಗಿದೆ ಅಷ್ಟೆ, ಯಾರಿಗಾದರೂ ಆಗುತ್ತೆ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೃದು ದನಿಗೆ, ಸುತ್ತ ನಿಂತ ಎಂಟು ಜನರ ಮುಖದ ಮೇಲೆ ಏಳಲೋ ಬೇಡವೋ ಎನ್ನುತ್ತಿದ್ದ ನಗೆಗೆ, ಅವನ ಬಾಯಿ ಅವನನ್ನು ಕೇಳದೆಯೇ ತೆರೆಯಿತು. "ನಮ್ಮ ಅಟೆಂಡರ್ ಮಾಡಿದ್ದು ಮೇಡಂ. ಓದಿದವಳಲ್ಲ." ಮಾದಿ ಟೀ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಲೋಟಗಳು ಅಲುಗಲಿಲ್ಲ. ಅವಳು ಬಂದು ಮೊದಲ ಲೋಟ ಪ್ರೊಫೆಸರಮ್ಮನಿಗೆ, ಎರಡನೆಯದು ಅವನಿಗೆ ಕೊಟ್ಟಳು.

ಆಫೀಸಿನಿಂದ ವಿವರಣೆ ಕೇಳಿ ಮೆಮೊ ಬಂದಾಗ ಮಾದಿ ಅದನ್ನು ಹಿಡಿದುಕೊಂಡು ಅವನ ಹತ್ತಿರವೇ ಬಂದಳು. ಇನ್ನೆಲ್ಲಿ ಹೋದಾಳು. "ಎಂತ ಬರೀಬೇಕು ಸಾರ್ ಇದಕ್ಕೆ? ನೀವೇ ಬರ್ಕೊಡಿ." ಬರೆದುಕೊಟ್ಟ. 'ನನ್ನ ಅಜಾಗರೂಕತೆ ಹಾಗೂ ತಿಳಿವಳಿಕೆಯ ಕೊರತೆಯಿಂದ ಸ್ಲೈಡು ಮಗುಚಿ ತಯಾರಾಗಿ ಕಾಲೇಜಿನ ಮಾನಕ್ಕೆ ಕುಂದು ತಂದಿರುತ್ತೇನೆ. ಇನ್ನು ಮುಂದೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.' ದುಂಡಗಿನ ಅಕ್ಷರ. "ಒಂಚೂರು ಓದಿ ಸಾರ್," ಎಂದಳು. ಅವನು ಹಾಳೆಯ ಮೇಲೆ ಕಣ್ಣಿಟ್ಟುಕೊಂಡೇ, ಓದುವವನ ದನಿಯಲ್ಲಿ, ಅಲ್ಲಿಲ್ಲದ್ದನ್ನು ಓದಿದ. "ಸ್ಲೈಡು ಮಗುಚಿತ್ತು, ಇನ್ನು ಹಾಗಾಗದ ಹಾಗೆ ನೋಡಿಕೊಳ್ಳುತ್ತೇವೆ." ಅಷ್ಟೇ. ಅವಳು 'ಮಾ' ಬರೆದು, ಪೆನ್ನು ಎತ್ತಿ, ಉಸಿರು ಬಿಟ್ಟು, 'ದಿ' ಬರೆದಳು. ಕೈ ಹಾಕುವುದಿಲ್ಲವೆಂದು ಅವಳೇ ಬರೆದುಕೊಟ್ಟ ಮೇಲೆ ಲ್ಯಾಬಿನಲ್ಲಿ ಅವಳಿಗೆ ಏನು ಕೆಲಸ ಎಂದು ಆಫೀಸಿನವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಹೋದ ಭಾನುವಾರ ಯಾರಿಗೂ ಹೇಳದೆ ಭಾಗಮಂಡಲಕ್ಕೆ ಹೋಗಿದ್ದ. ಮಡಿಕೇರಿಯಿಂದ ಬಸ್ಸಿನಲ್ಲಿ ತಿರುವುಗಳನ್ನೆಲ್ಲ ಕಣ್ಣು ಮುಚ್ಚಿ ದಾಟಿ, ಸಂಗಮದಲ್ಲಿ ಮೊಣಕಾಲು ಮುಳುಗುವವರೆಗೆ ಇಳಿದು ನಿಂತ. ಮೂರು ನದಿ ಸೇರುವ ಜಾಗ, ಕಾಣುವುದು ಎರಡೇ. ಮೂರನೆಯದು ಒಳಗಿನಿಂದ ಬಂದು ಸೇರುತ್ತದೆ. ಭಟ್ಟರು ಕೈಗೆ ನೀರು ಬಿಡುತ್ತ "ಏನು ಸಂಕಲ್ಪ?" ಎಂದರು. ಮಾದಿಯ ವಿಷಯ ಹೇಳಬೇಕೆಂದೇ ಬಂದಿದ್ದ. ಹಿಂದೆ ಯಾವುದೋ ಸಂಸಾರ ತನ್ನ ಸರದಿಗೆ ಕಾಯುತ್ತಿತ್ತು; ಮಗುವೊಂದು ಅಳುತ್ತಿತ್ತು. "ಕುಟುಂಬದ ಕ್ಷೇಮ," ಎಂದುಬಿಟ್ಟ. ಕಾವೇರಮ್ಮನ ಮುಂದೆಯೂ ಹಾಳೆಯಲ್ಲಿಲ್ಲದ್ದನ್ನೇ ಓದಿದ ಹಾಗಾಯಿತು. ಒದ್ದೆ ಪಂಚೆಯಲ್ಲಿ ಮೆಟ್ಟಿಲ ಮೇಲೆ ಕೂತಾಗ ಅಪ್ಪನ ನೆನಪು ಬಂತು. ಅರಕಲಗೂಡಿನ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಅಪ್ಪ, ನಲವತ್ತು ವರ್ಷ ಅಲ್ಲೇ ಉತ್ತು ಬಿತ್ತಿದರೂ, ಯಾರ ಮನೆಯ ಮದುವೆಗೆ ಹೋದರೂ ಕೈತೊಳೆಯುವ ನಲ್ಲಿಯ ಪಕ್ಕದ ಕುರ್ಚಿಯನ್ನೇ ಹುಡುಕಿ ಕೂರುತ್ತಿದ್ದ. "ಎಬ್ಬಿಸಿದರೆ ಏಳೋಕೆ ಸುಲಭ ಕಣ್ಲಾ," ಎನ್ನುತ್ತಿದ್ದ. ಮಹದೇವಪ್ಪನೂ ಹಾಗೇ ಕೂರುತ್ತಾನೆ. ಎಂ.ಎಸ್ಸಿ. ಮುಗಿಸಿ, ವಿಭಾಗದ ಮುಖ್ಯಸ್ಥನಾಗಿ, ಎಲ್ಲರೂ ಬನ್ನಿ ಬನ್ನಿ ಎಂದು ಮುಂದಕ್ಕೆ ಕರೆದರೂ ಒಳಗೊಂದು ಕುರ್ಚಿ ನಲ್ಲಿಯ ಪಕ್ಕದಲ್ಲೇ ಇದೆ. ಪ್ರೊಫೆಸರಮ್ಮ ಸ್ಲೈಡು ತಿರುವಿದಾಗ ಯಾರೋ ಅವನನ್ನು ಎಬ್ಬಿಸಿದ್ದರು. ಅವನು ಏಳಲಿಲ್ಲ, ಪಕ್ಕದಲ್ಲಿದ್ದವಳನ್ನು ಎಬ್ಬಿಸಿ ಕಳಿಸಿದ.

ಕಾಲೇಜಿನ ಗೇಟು ದಾಟಿ ಹಾಸ್ಟೆಲಿನ ಹಿಂಭಾಗದಿಂದ ಹೋಗಬಾರದೆಂದುಕೊಂಡಿದ್ದರೂ ಕಾಲು ಆ ಕಡೆಯೇ ಹೋಯಿತು. ಬೋರ್‌ವೆಲ್ ನಲ್ಲಿಯ ಹತ್ತಿರ ಮಾದಿ ಹುರುಳಿಕಾಯಿ ತೊಳೆಯುತ್ತಿದ್ದಳು. "ನಮಸ್ಕಾರ ಸಾರ್. ಇವತ್ತು ಮೂವತ್ತಾರು ಗಂಟೆದಲ್ವಾ?"

"ಹೂಂ."

"ಮೊಟ್ಟೆ ವಾಚ್‌ಮನ್ ಕೈಲಿ ಇಡ್ಸಿದ್ರಂತೆ. ಅಡ್ಡ ಇಟ್ಟಿದ್ದಾನಾ, ನೆಟ್ಟಗೆ ನಿಲ್ಸಿದ್ದಾನಾ?"

"ಅಡ್ಡವೇ ಇಟ್ಟಿದ್ದಾನೆ."

"ಹಾಗಾದ್ರೆ ಆಯ್ತು." ಅವಳು ಮತ್ತೆ ಹುರುಳಿಕಾಯಿಗೆ ತಿರುಗಿದಳು. ಅವಳ ದನಿಯಲ್ಲಿ ಮುಳ್ಳಿದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಲ್ಯಾಬಿನಲ್ಲಿ ಹದಿನೆಂಟು ಮಕ್ಕಳು, ಹನ್ನೆರಡು ನಾಟಿ ಕೋಳಿ ಮೊಟ್ಟೆ. ಮೊದಲನೆಯದರಲ್ಲಿ ಕತ್ತರಿಯ ತುದಿ ಆಳಕ್ಕೆ ಇಳಿದು ಹಳದಿ ಒಡೆಯಿತು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಕಿಟಕಿಯಷ್ಟು ಚಿಪ್ಪು ಸರಿಯಾಗಿಯೇ ಬಂತು, ಮಡಿಸಿದ ರೇಷ್ಮೆಯಂತೆ ಭ್ರೂಣ ಕಂಡಿತು ಕೂಡ. ಮಕ್ಕಳೆಲ್ಲ ಬಗ್ಗಿದರು, ಅವನು ಚಿಮಟ ಇಳಿಸಿದ, ಎಲ್ಲ ಕಲಸಿಹೋಯಿತು. "ಸಾರ್, ಈರುಳ್ಳಿ ತರ್ಲಾ?" ಎಂದ ಹಿಂದಿನಿಂದ ಮಿಲನ್. ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡರು. ಮಹದೇವಪ್ಪ ನಗಲು ನೋಡಿದ. ಬೆರಳಿಗೆ ಅಂಟಿದ್ದ ಹಳದಿ, ಅದರಲ್ಲಿ ನೂಲಿನ ಎಳೆಯಷ್ಟು ಕೆಂಪು. ಈ ಜೀವ ಇವತ್ತಿನವರೆಗೆ ತನ್ನ ದಾರಿಯಲ್ಲಿ ಸರಿಯಾಗಿಯೇ ನಡೆದುಕೊಂಡು ಬಂದಿತ್ತು. ಪ್ರತಿ ವರ್ಷ ಈ ಪಾಠಕ್ಕೆ ಮುಂಚೆ ಅವನು ಯಾರಿಗೂ ಕಾಣದ ಹಾಗೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ, ಇವತ್ತು ಮುಚ್ಚಿರಲಿಲ್ಲ.

"ಸಾರ್," ಕಾವ್ಯಶ್ರೀ ಎಂಬ ಹುಡುಗಿ, ಮೊದಲ ಬೆಂಚಿನವಳು, ಅವನನ್ನು ಪಾರು ಮಾಡಲೆಂದೇ ಕೇಳಿದಳೋ ಏನೋ, "ಸೆಲ್‌ಗಳಿಗೆ ತಮ್ಮ ಜಾಗ ಹೇಗೆ ಗೊತ್ತಾಗುತ್ತೆ? ಯಾರು ಹೇಳ್ತಾರೆ ಅವಕ್ಕೆ?"

"ಜಿಪಿಎಸ್ ಇರುತ್ತೆ ಕಣೇ," ಎಂದ ಮಿಲನ್.

ಮಹದೇವಪ್ಪ ಕೈ ತೊಳೆದುಕೊಂಡ. ಮಾತು ಬಂದಾಗ ಅದು ಎಂದಿನ ಪಾಠದ ಮಾತೇ ಆಗಿ ಬಂತು, ಅವನಿಗೆ ಸಮಾಧಾನವಾಯಿತು. ಹೃದಯ ಮೊದಲಿಗೆ ಒಂದಲ್ಲ, ಎರಡು ಎಂದು ಹೇಳಿದ. ಎಡಗಡೆ ಒಂದಿಷ್ಟು ಕೋಶಗಳು, ಬಲಗಡೆ ಒಂದಿಷ್ಟು. ಎರಡೂ ಕಡೆಯವರು ಹೊರಟು ನಡುವೆ ಬಂದು ಸೇರಿ ಒಂದು ಕೊಳವೆಯಾಗುತ್ತಾರೆ, ಆಮೇಲೆ ಆ ಕೊಳವೆ ಬಲಕ್ಕೆ ಬಾಗುತ್ತದೆ. ಬೆನ್ನಿನ ಏಣಿನಿಂದ ಹೊರಡುವವು ಇನ್ನೂ ದೂರ ನಡೆಯುತ್ತವೆ. ಕೆಲವು ಹೋಗಿ ಮುಖದ ಮೂಳೆಯಾಗುತ್ತವೆ, ಕೆಲವು ಕರುಳಿನ ನರ, ಕೆಲವು ಚರ್ಮದ ಬಣ್ಣ. ನಕ್ಷೆ ಯಾರ ಕೈಯಲ್ಲೂ ಇಲ್ಲ. ಕಾಲಿಟ್ಟ ನೆಲ ಹೇಳುತ್ತದೆ: ಇಲ್ಲಿ ಹಿಡಿತ ಸಿಕ್ಕಿತು, ಈ ಕಡೆ ಬಾ, ಇಲ್ಲಿ ಜಾರಿತು, ಹಿಂದಕ್ಕೆ ಹೋಗು. ಮುಂದಿನಿಂದ ಒಂದು ವಾಸನೆಯಂಥದು ಕರೆಯುತ್ತದೆ. "ಈಗ ಹೊರಗೆ ಜೇನನ್ನು ಕರೀತಾ ಇಲ್ವಾ, ಹಾಗೆ." ಪಕ್ಕದವು ಮುಟ್ಟುತ್ತವೆ, ಒತ್ತುತ್ತವೆ. ಹೀಗೆ ತಡವಿಕೊಂಡು ತಡವಿಕೊಂಡು ಕೋಟಿ ಕೋಟಿ ಕೋಶಗಳು ತಮ್ಮ ತಮ್ಮ ಮನೆ ಸೇರುತ್ತವೆ.

"ತಪ್ಪು ಜಾಗಕ್ಕೆ ಹೋದ್ರೆ ಸಾರ್?"

"ಎಳೆಯದರಲ್ಲೇ ಹೋದರೆ ಕೆಲವು ಆ ಜಾಗದ ಕೆಲಸ ಕಲಿತುಬಿಡುತ್ತವೆ. ತಮ್ಮ ಕೆಲಸ ಇಂಥದ್ದು ಅಂತ ಗಟ್ಟಿಯಾದ ಮೇಲೆ ಹೋದರೆ, ಬಹಳಷ್ಟು ಸಾಯುತ್ತವೆ."

"ಯಾರು ಸಾಯಿಸ್ತಾರೆ?"

"ಯಾರೂ ಸಾಯಿಸಲ್ಲಮ್ಮ. ಸುತ್ತಲಿನ ಕೋಶಗಳು ಬದುಕು, ಬದುಕು ಅಂತ ಸದಾ ಒಂದು ಸುದ್ದಿ ಕಳಿಸ್ತಾ ಇರ್ತವೆ. ಆ ಸುದ್ದಿ ನಿಂತರೆ ಕೋಶ ತನ್ನನ್ನು ತಾನೇ..." ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದ ವಾಕ್ಯ. ಅದರ ಕೊನೆಯ ಪದ ಬರಲಿಲ್ಲ. ಹದಿನೆಂಟು ಜೊತೆ ಕಣ್ಣು ಕಾಯುತ್ತಿದ್ದವು. ಪುಸ್ತಕದಲ್ಲಿ ಅದು ಇಷ್ಟು ಕ್ರೂರವಾಗಿ ಇರಲಿಲ್ಲ. ಪುಸ್ತಕದಲ್ಲಿ ಸುದ್ದಿ ಕಳಿಸದೆ ಸುಮ್ಮನಿದ್ದ ಪಕ್ಕದ ಕೋಶದ ಬಗ್ಗೆ ಒಂದು ಮಾತೂ ಇರಲಿಲ್ಲ. "ಒಂದು ನಿಮಿಷ ಇರಿ," ಎಂದು ಹೊರಗೆ ನಡೆದ. ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು, "ಮಾದಿಯಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ಹಾರ್ಟು ನೋಡಿ ಆಗಿರ್ತಿತ್ತು."

ಹಾಸ್ಟೆಲಿನ ವಾರ್ಡನ್ ತುಳಸಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಈಗ ಕರ್ಕೊಂಡು ಹೋದ್ರೆ ನನ್ನ ಗತಿ ಎಂತ ಸಾರ್? ಬೇಳೆ ಒಲೆ ಮೇಲೆ ಉಂಟು, ನೂರ ಹತ್ತು ಹೊಟ್ಟೆ."

"ಬೇಳೆ ಬೇಯೋದನ್ನ ನಾನು ನೋಡ್ತಾ ನಿಂತ್ಕೊಬೇಕಾ ತುಳಸಿ? ಯಾರೂ ನೋಡದಿದ್ರೆ ಬೇಗ ಬೇಯ್ತದೆ, ಅದಕ್ಕೂ ನಾಚಿಕೆ ಉಂಟು," ಎಂದು ಮಾದಿ ಸೆರಗು ಬಿಚ್ಚಿ ಕೈ ಒರೆಸಿಕೊಂಡಳು. "ಎಷ್ಟು ಒಡೆದ್ರಿ ಸಾರ್?"

"ಮೂರು."

"ಒಂಬತ್ತು ಉಂಟಲ್ಲ. ಬನ್ನಿ."

ಅವಳು ಮುಂದೆ, ಅವನು ಹಿಂದೆ. ಕಾರಿಡಾರಿನಲ್ಲಿ ಎದುರು ಬಂದ ಗಣಿತದ ಮೇಷ್ಟರು ಇಬ್ಬರನ್ನೂ ನೋಡಿ ಹುಬ್ಬು ಏರಿಸಿದರು. ಅವನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದುವವನಂತೆ ಎರಡು ಹೆಜ್ಜೆ ಹಿಂದೆ ಉಳಿದ. ಇಷ್ಟಾದ ಮೇಲೂ! ತನ್ನ ಹೆಜ್ಜೆ ನಿಧಾನವಾದದ್ದನ್ನು ಅವಳು ಗಮನಿಸಿದಳು ಎಂದು ಅವಳ ಬೆನ್ನಿನಿಂದಲೇ ತಿಳಿಯಿತು. ಅವಳು ಬೇಗ ಬೇಗ ನಡೆದು, ಬೇರೆ ಯಾವುದೋ ಕೆಲಸಕ್ಕೆ ಹೋಗುವವಳಂತೆ ಅವನನ್ನು ಬಿಟ್ಟು ಮುಂದಾದಳು.

ಅವಳ ಕೈ ಮೊಟ್ಟೆಯನ್ನು ಹಿಡಿದ ಕೂಡಲೇ ಮಕ್ಕಳು ಸುಮ್ಮನಾದರು. ದಪ್ಪ ತುದಿಯಲ್ಲಿ ಸೂಜಿಯಿಂದ ಒಂದು ತೂತು. ಸಿರಿಂಜಿನಲ್ಲಿ ಸ್ವಲ್ಪ ಬಿಳಿಯನ್ನು ಹೊರಗೆ ಎಳೆದು ಹಳದಿಯನ್ನು ಕೆಳಗಿಳಿಸಿದಳು. ಆಮೇಲೆ ಕತ್ತರಿ. ಚಿಪ್ಪು ಹಪ್ಪಳದ ಹಾಗೆ ದುಂಡಗೆ ಬಂತು. ನಡುವೆ ತೂತು ಮಾಡಿದ ಸೋಸುಕಾಗದದ ಬಿಲ್ಲೆಯೊಂದನ್ನು ತೆಗೆದುಕೊಂಡು, ಅದರ ಅಂಚಿನಲ್ಲಿ ಒಂದು ಕಡೆ ಚಿಕ್ಕದಾಗಿ ಓರೆಯಾಗಿ ಕಚ್ಚು ಹಾಕಿದಳು. ಬಿಲ್ಲೆಯನ್ನು ಭ್ರೂಣದ ಸುತ್ತ ಕೂರುವಂತೆ ಇಳಿಸಿ, ಸುತ್ತಲೂ ಕತ್ತರಿಸಿ, ಚಿಮಟದಿಂದ ಎತ್ತಿ, ಬೆಚ್ಚಗಿನ ಉಪ್ಪುನೀರಿಗೆ ಬಿಟ್ಟಳು. ಒಂದು ಉಸಿರಿನ ಕೆಲಸ. ಆ ಕಚ್ಚನ್ನು ಅವನು ವರ್ಷಗಟ್ಟಲೆ ನೋಡಿದ್ದ, ಕತ್ತರಿಯ ಗುರುತೋ ಏನೋ ಎಂದುಕೊಂಡು ಒಮ್ಮೆಯೂ ಕೇಳಿರಲಿಲ್ಲ.

ಕಾವ್ಯಶ್ರೀ ಕೇಳಿದಳು. "ಅಕ್ಕ, ಅದ್ಯಾಕೆ ಪೇಪರಿಗೆ ಕಚ್ಚು?"

"ತೊಳೀವಾಗ ತಿರುಗಿಬಿಡ್ತದೆ ಮಗ. ತಲೆ ಮೇಲ್ಗಡೆ ಮಾಡಿ ನೋಡುವಾಗ ಕಚ್ಚು ಬಲಗಡೆ ಕಂಡ್ರೆ ಬೋರಲು ಉಂಟು ಅಂತ. ಎಡಗಡೆ ಕಂಡ್ರೆ ಅಂಗಾತ."

ಮಗುಚಿದ ಸ್ಲೈಡಿನ ಕಥೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾವ್ಯಶ್ರೀಯ ಹುಬ್ಬುಗಳ ನಡುವೆ ಸಣ್ಣ ಗೆರೆ ಮೂಡುವುದನ್ನು ಮಹದೇವಪ್ಪ ನೋಡಿದ. ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಲೆಕ್ಕ ತಪ್ಪಿದ ಜಾಗವನ್ನು ಹುಡುಕುವವಳಂತೆ ಕೇಳಿದಳು. "ಹೀಗೆ ಗುರ್ತು ಮಾಡೋರು, ಆ ಸ್ಲೈಡು ಹೆಂಗೆ ಮಗುಚಿದ್ರಿ ಅಕ್ಕ?"

ಮಾದಿ ತಲೆ ಎತ್ತಲಿಲ್ಲ. ಉಪ್ಪುನೀರಿನ ಬಟ್ಟಲನ್ನು ಮೈಕ್ರೋಸ್ಕೋಪಿನ ಕೆಳಗೆ ಸರಿಸಿ, ಗುಂಡಿ ತಿರುಗಿಸಿ, "ಅವತ್ತು ಕೈ ತಪ್ಪಿತು," ಎಂದಳು.

ಈಗ ಹೇಳಬೇಕಿತ್ತು. ಬಾಯಿ ತೆರೆದರೆ ಸಾಕಾಗಿತ್ತು. ತಂಡದ ಮುಂದೆ ಕೇಳದೆಯೇ ತೆರೆದುಕೊಂಡ ಅದೇ ಬಾಯಿ ಈಗ ಅಂಟಿಕೊಂಡು ಕೂತಿತ್ತು. ಅವಳು ಅವನನ್ನು ನೋಡಲೂ ಇಲ್ಲ; ನೋಡಿದ್ದರೆ ಅದು ಕೇಳಿದಂತಾಗುತ್ತಿತ್ತೆಂದು ನೋಡಲಿಲ್ಲ. ಅವನು ಮೊದಲನೆಯ ಸಲ ಅವಳ ಮೇಲೆ ಹೊರಿಸಿದ್ದ. ಈ ಸಲ ಅವಳೇ ಬಗ್ಗಿ ಎತ್ತಿಕೊಂಡಳು. "ನೋಡಿ ಸಾರ್ ಮೊದ್ಲು ನೀವು," ಎಂದು ಅವಳು ಸರಿದು ಜಾಗ ಬಿಟ್ಟಳು. ಅವನು ಬಗ್ಗಿದ. ಬೆಳಕಿನ ವೃತ್ತದಲ್ಲಿ, ಬಲಕ್ಕೆ ಬಾಗಿದ, ಅಕ್ಕಿಕಾಳಿಗಿಂತ ಸಣ್ಣ ಕೊಳವೆ. ಅದು ಮುದುಡಿತು. ನಿಂತಿತು. ನಿಂತೇಹೋಯಿತೇನೋ ಎನ್ನುವಷ್ಟರಲ್ಲಿ ಮತ್ತೆ ಮುದುಡಿತು. ಅದರೊಳಗೆ ರಕ್ತ ಇನ್ನೂ ಹರಿಯುತ್ತಿಲ್ಲ, ತಳ್ಳುವುದಕ್ಕೆ ಏನೂ ಇಲ್ಲ. ಆದರೂ ತನ್ನ ಜಾಗ ಸೇರಿದೆನೆಂದು ಗೊತ್ತಾದ ಕೂಡಲೇ ಅದು ಕೆಲಸ ಶುರುಮಾಡಿತ್ತು. ಅವನ ಕಣ್ಣು ಮಸುಕಾಯಿತು. ಫೋಕಸ್ ಹೋಗಿದೆಯೆಂಬಂತೆ ಗುಂಡಿಯನ್ನು ಅತ್ತಿತ್ತ ತಿರುಗಿಸುತ್ತ ಆದಷ್ಟು ಹೊತ್ತು ತಲೆ ಬಗ್ಗಿಸಿಯೇ ಇದ್ದ. "ಸಾರ್, ನಮಗೂ ಸ್ವಲ್ಪ ಉಳಿಸಿ," ಎಂದ ಮಿಲನ್.

ಹನ್ನೆರಡೂವರೆಗೆ ಮಾದಿ ಒಂಬತ್ತನ್ನೂ ತೆರೆದು, ಒಂದನ್ನೂ ಕೆಡಿಸದೆ, ಬಟ್ಟಲುಗಳನ್ನು ತೊಳೆದು ಬೋರಲು ಹಾಕಿ, ಬೇಳೆಯ ಕಡೆಗೆ ಹೋದಳು. ಮಹದೇವಪ್ಪ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆದು ಮುಚ್ಚಿದ. ಒಂದು ಹಾಳೆ ತೆಗೆದುಕೊಂಡ. ಮೊದಲು ಬರೆದದ್ದರಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂಬ ಪದ ನುಸುಳಿತು, ಹರಿದ. ಎರಡನೆಯದರಲ್ಲಿ 'ಗೊಂದಲ' ಎಂದು ಬಂತು; ಅದನ್ನೂ ಹರಿದ. ಭಾಷೆ ಎಷ್ಟು ಮೆತ್ತಗಿನ ಹಾಸಿಗೆ, ಎಲ್ಲಿ ಬಿದ್ದರೂ ನೋವಾಗದ ಹಾಗೆ ಹಿಡಿದುಕೊಳ್ಳುತ್ತದೆ. ಮೂರನೆಯ ಹಾಳೆಯಲ್ಲಿ ನಾಲ್ಕೇ ಸಾಲು. ಸ್ಲೈಡು ಮಾಡಿದವನು ನಾನು. ಅದು ಅಂಗಾತ ಬಿದ್ದಿದೆಯೆಂದು ಮಾದಿ ಆ ದಿನವೇ ಹೇಳಿದ್ದಳು, ನಾನು ಗೇಲಿ ಮಾಡಿದೆ. ತಂಡದ ಮುಂದೆ ಸುಳ್ಳು ಹೇಳಿದೆ. ಅವಳ ಹೆಸರಿನ ವಿವರಣೆಯನ್ನು ಬರೆದವನೂ ನಾನೇ, ಅದರಲ್ಲಿರುವುದನ್ನು ಅವಳಿಗೆ ಓದಿ ಹೇಳಿರಲಿಲ್ಲ. ಬರೆದು ಮುಗಿಸಿದಾಗ ಹಗುರವಾಗಲಿಲ್ಲ. ಜ್ವರ ಬಂದಂತೆ ಕಿವಿ ಬಿಸಿಯಾಗಿತ್ತು.

ಪ್ರಿನ್ಸಿಪಾಲ್ ಬೊಳ್ಳಪ್ಪ ಸಭೆಯ ಫೈಲುಗಳನ್ನು ಟೇಪಿನಿಂದ ಕಟ್ಟುತ್ತಿದ್ದರು. "ಎಂತ ಮಾರಾಯ್ರೆ, ಇನ್ನು ಅರ್ಧ ಗಂಟೆ ಉಂಟು ಮೀಟಿಂಗಿಗೆ, ಈಗ ಬಂದ್ರಿ," ಎನ್ನುತ್ತ ಹಾಳೆ ತೆಗೆದುಕೊಂಡರು. ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ವಿವರಣೆ ನಿಮ್ಮ ಕೈಬರಹ ಅಂತ ಅವತ್ತೇ ಗೊತ್ತಾಗಿತ್ತು ನನಗೆ," ಎಂದರು. "ಎಷ್ಟೋ ವರ್ಷದಿಂದ ನಿಮ್ಮ ರಜಾ ಅರ್ಜಿ ಓದ್ತಾ ಇದ್ದೇನೆ."

ಮಹದೇವಪ್ಪನಿಗೆ ನಿಂತ ನೆಲ ಸರಿದಂತಾಯಿತು. ಇಬ್ಬರ ಗುಟ್ಟು ಎಂದುಕೊಂಡದ್ದು. ಹಾಗಾದರೆ ಗಣಿತದ ಮೇಷ್ಟರ ಹುಬ್ಬು? ಮಿಲನ್‌ನ ನಗು? ಇನ್ನು ಯಾರು ಯಾರು ತಿಳಿದೂ ತಿಳಿಯದವರಂತೆ ದಿನಾ ಅವನಿಗೆ ನಮಸ್ಕಾರ ಹೇಳಿದ್ದರು? "ಕೇಳಬಹುದಿತ್ತಲ್ಲ ಸಾರ್," ಎಂದ.

"ಕೇಳಬಹುದಿತ್ತು." ಬೊಳ್ಳಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ನೀವು ಸೀನಿಯರ್. ಹೇಗೆ ಕೇಳೋದು ಅಂತ ಸುಮ್ನಾದೆ. ನಂದೂ ಅದೇ ತಪ್ಪು." ಅವರ ದನಿ ಸಣ್ಣದಾಗಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, "ವಿಭಾಗದ ಮುಖ್ಯಸ್ಥನ ಕುರ್ಚಿ ಹೋಗ್ತದೆ, ಗೊತ್ತುಂಟಲ್ಲ? ಯೂನಿವರ್ಸಿಟಿಗೂ ಬರೀಬೇಕಾಗ್ತದೆ."

"ಹೋಗಲಿ ಸಾರ್. ಬರೀರಿ."

ಫೈಲಿನ ಟೇಪು ಬಿಚ್ಚಿ, ಮಾದಿಯ ಸಹಿಯ ಹಾಳೆಯನ್ನು ಹುಡುಕಿ ಹೊರಗೆಳೆದು, ಆ ಜಾಗದಲ್ಲಿ ಅವನ ನಾಲ್ಕು ಸಾಲನ್ನು ಸೇರಿಸಿದರು. "ಒಂದು ತೆಗೆದ್ರೆ ಅಲ್ಲಿ ಇನ್ನೊಂದು ಇಡಬೇಕು. ಪುಟದ ನಂಬ್ರ ತಪ್ಪಬಾರದು. ಇದು ಇನ್ನು ಇಲ್ಲಿಗೆ ಬೇಡ, ನೀವೇ ಕೊಟ್ಟುಬಿಡಿ ಅವಳಿಗೆ. ನಾಳೆಯಿಂದ ಲ್ಯಾಬಿಗೆ ಬರ್ಲಿ ಅಂತ ಹೇಳಿ."

ಹೊರಗೆ ಬಿಸಿಲು ಏರಿತ್ತು. ಹಾಸ್ಟೆಲಿನ ಹಿಂದೆ ಊಟ ಮುಗಿದ ಪಾತ್ರೆಗಳ ರಾಶಿ. ಮಾದಿ ಅನ್ನದ ದೊಡ್ಡ ಹಂಡೆಯೊಳಗೆ ಅರ್ಧ ಮೈ ಬಗ್ಗಿಸಿ ತಿಕ್ಕುತ್ತಿದ್ದಳು. ನಲ್ಲಿ ಜೋರಾಗಿ ಸುರಿಯುತ್ತಿತ್ತು. ತುಳಸಿ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವಳು ಎದ್ದು ನಿಂತಳು. ಅವಳು ಒಳಗೆ ಹೋಗಲಿ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ, ಇಲ್ಲ, ಇರಲಿ ಎಂದುಕೊಂಡ.

"ಮಾದಮ್ಮ," ಎಂದ. ಆ ಹೆಸರು ಬಾಯಿಗೆ ಹೊಸದಾಗಿತ್ತು. ಅವಳು ತನ್ನನ್ನಲ್ಲವೆಂಬಂತೆ ತಿಕ್ಕುತ್ತಲೇ ಇದ್ದಳು. ಮತ್ತೊಮ್ಮೆ ಕರೆದಾಗ ಹಂಡೆಯಿಂದ ತಲೆ ಎತ್ತಿದಳು.

"ನಾಳೆಯಿಂದ ಲ್ಯಾಬಿಗೆ ಬರಬೇಕಂತೆ. ಪ್ರಿನ್ಸಿಪಾಲರು ಹೇಳಿದರು."

ಅವಳು ಯೋಚಿಸಿದಳು. "ನಾಡಿದ್ದು ಬರ್ತೇನೆ ಸಾರ್. ನಾಳೆ ಕಡುಬು ಮಾಡಿಕೊಡ್ತೇನೆ ಅಂತ ಮಕ್ಕಳಿಗೆ ಹೇಳಿ ಆಗಿದೆ."

"ಆಗಲಿ. ಇನ್ನೊಂದು ಇದೆ. ಓದಬೇಕು. ಕೇಳ್ತೀರಾ?"

ನೀವು ಎಂದದ್ದಕ್ಕೋ, ಅವನ ಕೈಯಲ್ಲಿ ತನ್ನ ಸಹಿಯ ಹಾಳೆ ಕಂಡದ್ದಕ್ಕೋ, ಅವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು. ನೀರಿನ ಸದ್ದು ನಿಂತಾಗ ಹಿಂದಿನ ತೋಟದ ಜೇನುಗಳ ಗುಂಯ್‌ಗುಟ್ಟುವಿಕೆ ಹತ್ತಿರವಾಯಿತು. ಅವನು ಓದಿದ. ತಾರೀಕಿನಿಂದ ಶುರುಮಾಡಿದ. ನನ್ನ ಅಜಾಗರೂಕತೆ ಹಾಗೂ ತಿಳಿವಳಿಕೆಯ ಕೊರತೆಯಿಂದ, ಎಂದು ಓದಿದ. ದನಿ ಇಳಿಯಲು ನೋಡಿತು, ಇಳಿಸಲಿಲ್ಲ. ಕಾಲೇಜಿನ ಮಾನಕ್ಕೆ ಕುಂದು ತಂದಿರುತ್ತೇನೆ. ಮೆಟ್ಟಿಲ ಮೇಲೆ ತುಳಸಿ ಅಗಿಯುವುದನ್ನು ನಿಲ್ಲಿಸಿದ್ದಳು. ಇನ್ನು ಮುಂದೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಹಿ, ಮಾದಿ.

ಮಾದಿ ಹಂಡೆಯ ಅಂಚನ್ನು ಹಿಡಿದುಕೊಂಡು ಪೂರ್ತಿ ಕೇಳಿದಳು. "ಅವತ್ತು ಇಷ್ಟು ಉದ್ದ ಇರ್ಲಿಲ್ಲ," ಎಂದಳು.

"ಇತ್ತು. ನಾನು ಓದಲಿಲ್ಲ. ಸುಳ್ಳು ಓದಿದೆ."

ಪರವಾಗಿಲ್ಲ ಸಾರ್ ಎಂದುಬಿಟ್ಟಾಳು, ಹಾಗೆ ಅನ್ನಬಾರದೆಂದು ಅವನು ಒಳಗೇ ಬೇಡಿಕೊಳ್ಳುತ್ತಿದ್ದ, ಅವಳು ಅನ್ನಲಿಲ್ಲ. ಮಸಿ ಹಿಡಿದ ಕೈಗಳನ್ನು ನಿಧಾನವಾಗಿ, ಬೆರಳು ಬೆರಳನ್ನೂ ಬಿಡಿಸಿ, ತೊಳೆದುಕೊಂಡು ಸೆರಗಿಗೆ ಒರೆಸಿದಳು. ಎರಡೂ ಕೈ ಒಣಗುವವರೆಗೆ ಅವನು ಕಾದು ನಿಂತಿದ್ದು, ಹಾಳೆಯನ್ನು ಅವಳಿಗೆ ಕೊಟ್ಟ.